ಇಬ್ಬರೇ ಇರುವ ಸಣ್ಣ ಹಾಯಿದೋಣಿಗೆ ಯಾವ ದ್ವೀಪಗಳು ಸರಿ?

ಗಂಡ ಹೆಂಡತಿ ಇಬ್ಬರೇ ಸಣ್ಣದೊಂದು ಹಾಯಿದೋಣಿಯಲ್ಲಿ ಬೇಸಿಗೆಯ ಎರಡು ಮೂರು ವಾರಗಳನ್ನು ದ್ವೀಪದಿಂದ ದ್ವೀಪಕ್ಕೆ ಸಾಗುತ್ತ ಕಳೆಯಬೇಕೆಂದು ನಿರ್ಧರಿಸಿದ ಮೇಲೆ ಎದುರಾಗುವ ತೊಡಕು, ಎಲ್ಲಿಗೆ ಹೋಗುವುದು ಎಂಬುದು. ಗ್ರೀಸಿನ ಅಯೋನಿಯನ್ ದ್ವೀಪಗಳು, ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿ, ಸ್ವೀಡನ್ನಿನ ಸ್ಟಾಕ್‌ಹೋಮ್ ದ್ವೀಪಸ್ತೋಮ, ಅಮೆರಿಕದ ವಾಯವ್ಯ ಮೂಲೆಯ ಸ್ಯಾನ್ ಹ್ವಾನ್ ದ್ವೀಪಗಳು: ಈ ನಾಲ್ಕರ ನಡುವೆ ಮನಸ್ಸು ತೂಗಾಡುವುದು ಸಹಜ. ಚಿತ್ರಗಳನ್ನು ನೋಡಿ ಆರಿಸಲು ಹೊರಟರೆ ನಾಲ್ಕೂ ಚೆಂದವೇ. ವ್ಯತ್ಯಾಸವಿರುವುದು ಚಿತ್ರದಲ್ಲಿ ಕಾಣದ ಸಂಗತಿಗಳಲ್ಲಿ, ಅಂದರೆ ಗಾಳಿ ಎಷ್ಟು ಹೊತ್ತಿಗೆ ಏಳುತ್ತದೆ, ಸಂಜೆ ದೋಣಿಯನ್ನು ಹೇಗೆ ಕಟ್ಟಬೇಕು, ನೀರು ಎಷ್ಟು ಏರಿಳಿಯುತ್ತದೆ, ಯಾವ ಕಾಗದಪತ್ರ ಕೇಳುತ್ತಾರೆ ಎಂಬಂಥವುಗಳಲ್ಲಿ.

ಇಲ್ಲಿ ಬೇಸಿಗೆಯೆಂದರೆ ಉತ್ತರಾರ್ಧಗೋಳದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ. ಕೆರಿಬಿಯನ್ ದ್ವೀಪಗಳನ್ನು ಪಟ್ಟಿಯಿಂದ ಬಿಟ್ಟಿರುವುದಕ್ಕೆ ಕಾರಣವೂ ಅದೇ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಋತು. ದೋಣಿಯ ಉದ್ದ 26ರಿಂದ 32 ಅಡಿಯೆಂದೂ, ಇಬ್ಬರಲ್ಲಿ ಒಬ್ಬರಿಗಾದರೂ ಚುಕ್ಕಾಣಿ ಹಿಡಿದು ಅಭ್ಯಾಸವಿದೆಯೆಂದೂ ಇಟ್ಟುಕೊಂಡಿದ್ದೇನೆ.

ಅಳತೆಗೋಲುಗಳು

ನನ್ನ ಲೆಕ್ಕದಲ್ಲಿ ಮೊದಲ ಅಳತೆಗೋಲು ದಿನದ ಕೊನೆಯ ಅರ್ಧ ಗಂಟೆ. ತೆರೆದ ನೀರಿನಲ್ಲಿ ಹಾಯಿ ಬಿಚ್ಚಿ ಸಾಗುವಾಗ ಇಬ್ಬರು ಧಾರಾಳವಾಗಿ ಸಾಕು. ಒಬ್ಬರು ಮಲಗಿದರೂ ದೋಣಿ ನಡೆಯುತ್ತದೆ. ಆದರೆ ಅದನ್ನು ರಾತ್ರಿಗೆ ನಿಲ್ಲಿಸುವ ಹೊತ್ತಿನಲ್ಲಿ ಚುಕ್ಕಾಣಿಗೊಬ್ಬರು, ಲಂಗರಿಗೊಬ್ಬರು, ದಡದ ಹಗ್ಗಕ್ಕೊಬ್ಬರು ಎಂದು ಮೂರು ಜನ ಬೇಕಾಗುತ್ತಾರೆ, ಇರುವವರು ಇಬ್ಬರೇ. ಸಾಮಾನ್ಯವಾಗಿ ಬಳಸುವ 8 ಮಿಲಿಮೀಟರ್ ದಪ್ಪದ ಲಂಗರು ಸರಪಳಿ ಮೀಟರಿಗೆ ಸುಮಾರು 1.4 ಕಿಲೋ ತೂಗುತ್ತದೆ. 30 ಮೀಟರ್ ಬಿಟ್ಟರೆ 40 ಕಿಲೋಗೂ ಹೆಚ್ಚು, ಅದರ ಮೇಲೆ ಲಂಗರಿನ ಭಾರ ಬೇರೆ. ಲಂಗರು ಸರಿಯಾಗಿ ಕಚ್ಚದೆ ಎರಡು ಮೂರು ಸಲ ಎತ್ತಿ ಹಾಕಬೇಕಾದ ಸಂಜೆ, ವಿದ್ಯುತ್ ರಾಟೆಯಿಲ್ಲದ ದೋಣಿಯ ಮುಂತುದಿಯಲ್ಲಿ ನಿಂತವರ ಸೊಂಟ ಮಾತಾಡತೊಡಗುತ್ತದೆ. ದಂಪತಿಗಳ ನಡುವೆ ದನಿ ಏರುವುದೂ ಆ ಹೊತ್ತಿನಲ್ಲೇ. ಆದ್ದರಿಂದ ಯಾವ ಪ್ರದೇಶದಲ್ಲಿ ದೋಣಿ ನಿಲ್ಲಿಸುವ ಕ್ರಮ ಇಬ್ಬರಿಗೆ ಹೊಂದುತ್ತದೆ ಎಂಬುದನ್ನು ಉಳಿದೆಲ್ಲಕ್ಕಿಂತ ಮೊದಲು ನೋಡಬೇಕು.

ಎರಡನೆಯದು ಗಾಳಿ. ಅದರ ಬಲವಷ್ಟೇ ಅಲ್ಲ, ಅದರ ವೇಳಾಪಟ್ಟಿಯೂ ಮುಖ್ಯ. ಗಾಳಿಯ ಬಲವನ್ನು ಅಳೆಯುವ ಬೋಫರ್ಟ್ ಮಾಪಕದಲ್ಲಿ 4 ಎಂದರೆ 11ರಿಂದ 16 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ವೇಗದ ಗಾಳಿ. ಸಣ್ಣ ದೋಣಿಗೆ ಅದು ಹಬ್ಬ. 6 ಎಂದರೆ 22ರಿಂದ 27 ನಾಟ್. ಆಗ ಹಾಯಿಯನ್ನು ಮಡಚಿ ಕಿರಿದುಮಾಡಿಯೂ ಒದ್ದೆಯಾಗುತ್ತ, ತೂಗಾಡುತ್ತ ಸಾಗಬೇಕು. ಮೂರನೆಯದು ದ್ವೀಪಗಳ ನಡುವಿನ ದೂರ. ಇಷ್ಟು ಸಣ್ಣ ದೋಣಿ ಗಂಟೆಗೆ ಸರಾಸರಿ 4ರಿಂದ 5 ನಾಟಿಕಲ್ ಮೈಲಿ ಸಾಗುವುದರಿಂದ 20 ನಾಟಿಕಲ್ ಮೈಲಿಯ, ಅಂದರೆ ಸುಮಾರು 37 ಕಿಲೋಮೀಟರಿನ ಹಾದಿಗೆ ಅರ್ಧ ದಿನ ಬೇಕು. ನಂತರ ಬರುವುದು ಉಬ್ಬರವಿಳಿತ, ಸೆಕೆ ಮತ್ತು ನೀರಿನ ತಂಪು, ಪರವಾನಗಿಯ ನಿಯಮ. ಖರ್ಚಿನ ವಿಷಯದಲ್ಲಿ ಬಾಡಿಗೆಯ ಮೊತ್ತವನ್ನಷ್ಟೇ ನೋಡಿ ಮೋಸಹೋಗಬಾರದು. ಪ್ರತಿ ರಾತ್ರಿ ನಿಲುಗಡೆಗೆ ಎಷ್ಟು ತೆರಬೇಕೆಂಬುದು ಎರಡು ವಾರಗಳಲ್ಲಿ ದೊಡ್ಡ ಮೊತ್ತವೇ ಆಗುತ್ತದೆ.

ಅಯೋನಿಯನ್ ದ್ವೀಪಗಳು

ಕಾರ್ಫು, ಪಾಕ್ಸಿ, ಲೆಫ್ಕಡಾ, ಮೆಗಾನಿಸಿ, ಇಥಾಕಾ, ಕೆಫಲೋನಿಯಾ, ಜಾಕಿಂಥೋಸ್. ಗ್ರೀಸಿನ ಪಶ್ಚಿಮ ಅಂಚಿನ ಈ ದ್ವೀಪಗಳಲ್ಲಿ ಬೇಸಿಗೆಯ ಗಾಳಿ ಗಡಿಯಾರ ನೋಡಿಕೊಂಡು ಬರುತ್ತದೆ ಎನ್ನಬಹುದು. ಬೆಳಿಗ್ಗೆ ನೀರು ಕದಲುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೈಸ್ತ್ರೊ ಎಂಬ ವಾಯವ್ಯ ಗಾಳಿ ಎದ್ದು 3ರಿಂದ 5ರ ಬಲಕ್ಕೇರಿ, ಸೂರ್ಯ ಮುಳುಗುವಾಗ ಇಳಿದುಬಿಡುತ್ತದೆ. ಉಬ್ಬರವಿಳಿತ ಗಣನೆಗೆ ಬಾರದಷ್ಟು ಕಡಿಮೆ. ಲೆಫ್ಕಡಾ, ಮೆಗಾನಿಸಿ, ಇಥಾಕಾ, ಕೆಫಲೋನಿಯಾಗಳ ನಡುವಿನ ಒಳಸಮುದ್ರದಲ್ಲಿ ಒಂದು ನಿಲುಗಡೆಯಿಂದ ಇನ್ನೊಂದಕ್ಕೆ 10 ನಾಟಿಕಲ್ ಮೈಲಿಯ ಆಸುಪಾಸು ಸಾಗಿದರೆ ಸಾಕು. ಇಬ್ಬರೇ ಹೋಗುವ ಮೊದಲ ಪ್ರವಾಸಕ್ಕೆ ಇದಕ್ಕಿಂತ ಮೃದುವಾದ ನೀರು ಈ ನಾಲ್ಕರಲ್ಲಿ ಇಲ್ಲ.

ಆದರೆ ಇಲ್ಲಿನ ಸಂಜೆಯ ಅರ್ಧ ಗಂಟೆ ಅಷ್ಟು ಮೃದುವಲ್ಲ. ಗ್ರೀಸಿನ ಹಳ್ಳಿ ಬಂದರುಗಳಲ್ಲಿ ದೋಣಿಯನ್ನು ಹಿಮ್ಮುಖವಾಗಿ ಕಟ್ಟೆಗೆ ಒಡ್ಡುವುದು ರೂಢಿ. ಕಟ್ಟೆಯಿಂದ ಮೂರು ನಾಲ್ಕು ದೋಣಿಯುದ್ದ ದೂರದಲ್ಲಿ ಮುಂತುದಿಯಿಂದ ಲಂಗರು ಬಿಡಬೇಕು. ಸರಪಳಿಯನ್ನು ಒಂದೇ ಸಮನೆ ಸಡಿಲಿಸುತ್ತ, ಆಚೀಚೆಯ ದೋಣಿಗಳಿಗೆ ತಾಗದಂತೆ, ಅಡ್ಡಗಾಳಿ ಮೂತಿಯನ್ನು ತಳ್ಳುತ್ತಿರುವಾಗಲೇ ಹಿಂದಕ್ಕೆ ಬರಬೇಕು. ಕಟ್ಟೆ ಹತ್ತಿರವಾದ ಕೂಡಲೇ ಮುಂತುದಿಯಲ್ಲಿದ್ದವರು ಹಿಂತುದಿಗೆ ಬಂದು, ಗಾಳಿ ಬೀಸುವ ಕಡೆಯ ಹಗ್ಗವನ್ನು ಮೊದಲು ದಡಕ್ಕೆ ದಾಟಿಸಬೇಕು. ಕಟ್ಟೆಯ ಮೇಲಿನ ಅಪರಿಚಿತರು ಹಗ್ಗ ಹಿಡಿದುಕೊಳ್ಳುವುದುಂಟು, ಅದನ್ನೇ ನಂಬುವಂತಿಲ್ಲ.

ಗಾಳಿ ಬಂದಾಗ ತೂರಿಕೋ ಎಂಬ ಮಾತು ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತದೆ. ಹಾಯಿಗೆ ತಕ್ಕ ಗಾಳಿ ಬೀಸುವ ನಡುಮಧ್ಯಾಹ್ನದಲ್ಲೇ ಜುಲೈ, ಆಗಸ್ಟ್‌ ತಿಂಗಳ ಕಟ್ಟೆಗಳು ತುಂಬುತ್ತವೆ. ಕೆಫಲೋನಿಯಾದ ಫಿಸ್ಕಾರ್ಡೊ ಇದಕ್ಕೆ ಒಳ್ಳೆಯ ಉದಾಹರಣೆ. 1953ರ ಭೂಕಂಪದಲ್ಲಿ ದ್ವೀಪದ ಬಹುತೇಕ ಊರುಗಳು ನೆಲಸಮವಾದರೂ ಈ ಹಳ್ಳಿಯ ವೆನಿಸ್ ಕಾಲದ ಮನೆಗಳು ಉಳಿದುಕೊಂಡವು. ಅದನ್ನು ನೋಡಲೆಂದೇ ಎಲ್ಲರೂ ಬರುತ್ತಾರೆ, ತಡವಾಗಿ ಬಂದವರಿಗೆ ಕಟ್ಟೆಯಲ್ಲಿ ಜಾಗವಿರುವುದಿಲ್ಲ. ಹಾಯಿಯ ಸುಖ ಬೇಕೋ ಕಟ್ಟೆಯ ಜಾಗ ಬೇಕೋ ಎಂದು ದಿನವೂ ಆರಿಸಬೇಕಾಗುತ್ತದೆ. ಇದಕ್ಕೆ ಒಂದು ಪರಿಹಾರವೆಂದರೆ ಕಟ್ಟೆಯ ಆಸೆ ಬಿಟ್ಟು, ಕೊಲ್ಲಿಯಲ್ಲಿ ಲಂಗರು ಹಾಕಿ, ಕಿರುದೋಣಿಯಲ್ಲಿ ಹೋಗಿ ದಡದ ಬಂಡೆಗೊಂದು ಹಗ್ಗ ಕಟ್ಟುವುದು. ಹಾಗೆ ಮಾಡುವವರಿಗೆ ನಿಲುಗಡೆಯ ಖರ್ಚೂ ಉಳಿಯುತ್ತದೆ. ಇನ್ನೊಂದು, ಗುಂಪುಯಾನ ಸೇರುವುದು. ಹತ್ತಾರು ಬಾಡಿಗೆ ದೋಣಿಗಳ ಮುಂದೆ ಅನುಭವಿಗಳ ದೋಣಿಯೊಂದು ಸಾಗಿ, ಸಂಜೆ ಕಟ್ಟೆಯಲ್ಲಿ ನಿಂತು ಪ್ರತಿಯೊಬ್ಬರ ಹಗ್ಗ ಹಿಡಿಯುವ ಈ ವ್ಯವಸ್ಥೆ ಬಾಡಿಗೆಯನ್ನು ಸ್ವಲ್ಪ ಹೆಚ್ಚಿಸುತ್ತದೆ, ಆದರೆ ಮೂರನೆಯ ಕೈಯ ಕೊರತೆಯನ್ನು ನೀಗಿಸುತ್ತದೆ. ಇದನ್ನು ಹೊಸಬರ ಊರುಗೋಲೆಂದು ಮೂದಲಿಸುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಕಾಗದಪತ್ರದ ವಿಷಯದಲ್ಲಿ ಗ್ರೀಸಿನ ನಿಯಮ ದಂಪತಿಗಳನ್ನು ನೇರವಾಗಿ ಮುಟ್ಟುತ್ತದೆ. ಬಾಡಿಗೆ ದೋಣಿಯ ನಾಯಕರ ಬಳಿ ಮಾನ್ಯವಾದ ಪ್ರಮಾಣಪತ್ರವಿರಬೇಕಲ್ಲದೆ, ದೋಣಿ ನಡೆಸಬಲ್ಲ ಎರಡನೆಯ ವ್ಯಕ್ತಿಯೊಬ್ಬರೂ ಇರಬೇಕು. ಇಬ್ಬರೇ ಇರುವಲ್ಲಿ ಆ ಎರಡನೆಯವರು ಯಾರೆಂದು ಹೇಳಬೇಕಾಗಿಲ್ಲ. ಆದ್ದರಿಂದ ಹೊರಡುವ ಮೊದಲು ಇಬ್ಬರೂ ತರಬೇತಿ ಪಡೆಯುವುದು ಉತ್ತಮ.

ಗ್ರೀಸ್ ಎಂದೊಡನೆ ಬಿಳಿ ಮನೆಗಳ ಸೈಕ್ಲಡೀಸ್ ದ್ವೀಪಗಳೇ ಕಣ್ಣಮುಂದೆ ಬರುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ 5ರಿಂದ 7ರ ಬಲದಲ್ಲಿ ದಿನಗಟ್ಟಲೆ ಬೀಸುತ್ತದೆ. ತೆಂಕಣಕ್ಕೆ ಹೋಗುವಾಗ ಅದು ಬೆನ್ನ ಹಿಂದಿದ್ದು ಉಲ್ಲಾಸ ತರುತ್ತದೆ. ದೋಣಿಯನ್ನು ಅಥೆನ್ಸಿಗೆ ಹಿಂದಿರುಗಿಸಬೇಕಾದಾಗ ಅದೇ ಗಾಳಿ, ಅದೇ ಅಲೆ ಮುಖಕ್ಕೆ ಬಡಿಯುತ್ತವೆ. ದ್ವೀಪದ ಮರೆಯಲ್ಲಿ ನೆಮ್ಮದಿ ಸಿಗುತ್ತದೆಂದುಕೊಂಡರೆ ಬೆಟ್ಟದಿಂದ ಜಾರಿ ಬೀಳುವ ಬಿರುಸು ಅಲ್ಲಿಯೂ ಬಿಡುವುದಿಲ್ಲ. 28 ಅಡಿಯ ದೋಣಿಯಲ್ಲಿ ಇಬ್ಬರೇ ಹೋಗಲು ನಡುಬೇಸಿಗೆಯ ಸೈಕ್ಲಡೀಸ್ ತಕ್ಕ ಜಾಗವಲ್ಲವೆಂದೇ ನನ್ನ ಅಭಿಪ್ರಾಯ.

ಡಾಲ್ಮೇಷಿಯಾ

ಕ್ರೊಯೇಷಿಯಾದ ಕರಾವಳಿಯಲ್ಲಿ ಸಣ್ಣಪುಟ್ಟ ಬಂಡೆಗಳನ್ನೂ ಸೇರಿಸಿದರೆ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ಸ್ಪ್ಲಿಟ್ ನಗರದಿಂದ ಹೊರಟರೆ ಶೋಲ್ಟಾ, ಬ್ರಾಚ್, ಹ್ವಾರ್, ವಿಸ್, ಕೋರ್ಚುಲಾ ಒಂದರ ಹಿಂದೊಂದು ಸಿಗುತ್ತವೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಮೇಸ್ಟ್ರಲ್ ಎಂಬ ವಾಯವ್ಯ ಗಾಳಿ ಹಿತವಾಗಿ ಬೀಸುತ್ತದೆ. ಭಯಪಡಬೇಕಾದದ್ದು ಬೂರಾ, ಕರಾವಳಿಯ ಬೆಟ್ಟಸಾಲಿನಿಂದ ಈಶಾನ್ಯ ದಿಕ್ಕಿನಿಂದ ಧುಮುಕುವ ಈ ತಣ್ಣನೆಯ ಗಾಳಿ ಚಳಿಗಾಲದಲ್ಲಿ ಪ್ರಬಲವಾದರೂ ಬೇಸಿಗೆಯಲ್ಲಿ ಬಾರದೆ ಇರುವುದಿಲ್ಲ. ವೆಲೆಬಿಟ್ ಬೆಟ್ಟಗಳ ಬುಡದ ಕಾಲುವೆಯಲ್ಲಿ ಅದರ ಆರ್ಭಟ ಹೆಚ್ಚು, ಆದ್ದರಿಂದ ಹೊಸಬರು ಉತ್ತರವನ್ನು ಬಿಟ್ಟು ಸ್ಪ್ಲಿಟ್ಟಿನಿಂದ ಆರಂಭಿಸುವುದು ಲೇಸು. ಬೇಸಿಗೆಯ ಸಂಜೆಗಳಲ್ಲಿ ಹಠಾತ್ತನೆ ಎರಗುವ ಗುಡುಗುಮಳೆಯ ಬಿರುಗಾಳಿಗೂ ಹವಾಮಾನ ವರದಿಯನ್ನು ದಿನಕ್ಕೆ ಎರಡು ಸಲ ನೋಡುವ ರೂಢಿಯೇ ಮದ್ದು.

ಕೊನೆಯ ಅರ್ಧ ಗಂಟೆಯ ಪರೀಕ್ಷೆಯಲ್ಲಿ ಕ್ರೊಯೇಷಿಯಾ ಸುಲಭವಾಗಿ ಗೆಲ್ಲುತ್ತದೆ. ಮರೀನಾ ಎನ್ನುವ ವಿಹಾರ ದೋಣಿಗಳ ಬಂದರುಗಳಲ್ಲೂ ಕೊನೋಬಾ ಎನ್ನುವ ಊಟದ ಮನೆಗಳ ಸಣ್ಣ ಕಟ್ಟೆಗಳಲ್ಲೂ ಲಂಗರು ಹಾಕುವ ಗೊಡವೆಯಿಲ್ಲ. ನೀರಿನ ತಳಕ್ಕೆ ಮೊದಲೇ ಬಿಗಿದಿರುವ ಹಗ್ಗವೊಂದನ್ನು ಕೊಕ್ಕೆಯಿಂದ ಎತ್ತಿ, ಮುಂತುದಿಗೆ ಒಯ್ದು ಕಟ್ಟಿದರೆ ಆಯಿತು. ಅನೇಕ ಕೊಲ್ಲಿಗಳಲ್ಲಿ ದೋಣಿ ಕಟ್ಟಲೆಂದು ತೇಲಬಿಟ್ಟ ಬೋಯಾಗಳಿವೆ. ಇಬ್ಬರಿಗೆ ಇದು ದೊಡ್ಡ ನೆಮ್ಮದಿ, ಆದರೆ ಆ ನೆಮ್ಮದಿಗೆ ರಾತ್ರಿರಾತ್ರಿಯೂ ಬೆಲೆ ತೆರಬೇಕು. ನಾಲ್ಕು ಪ್ರದೇಶಗಳಲ್ಲಿ ದಿನದ ನಿಲುಗಡೆ ಖರ್ಚು ಹೆಚ್ಚು ಅನ್ನಿಸುವುದು ಇಲ್ಲಿಯೇ. ಊಟಕ್ಕೆ ಬಂದವರಿಂದ ಕಟ್ಟೆಯ ಬಾಡಿಗೆ ಪಡೆಯದ ಕೊನೋಬಾಗಳುಂಟು, ಆದರೆ ಆಗ ಊಟವೇ ಆ ಬಾಡಿಗೆಯಾಗುತ್ತದೆ. 1980ರಲ್ಲಿ ರಾಷ್ಟ್ರೀಯ ಉದ್ಯಾನವಾದ, 89 ದ್ವೀಪಗಳ ಕೋರ್ನಾಟಿಗೆ ಪ್ರವೇಶ ಚೀಟಿ ಬೇಕು. ಅದನ್ನು ಮುಂಗಡವಾಗಿ ಕೊಂಡರೆ ಸ್ಥಳದಲ್ಲಿ ಕೊಳ್ಳುವುದಕ್ಕಿಂತ ಅಗ್ಗ. 2023ರ ಜನವರಿಯಿಂದ ಹಣ ಯೂರೋ ಆಗಿರುವುದರಿಂದ ಗ್ರೀಸಿನೊಡನೆ ಹೋಲಿಸುವುದು ಈಗ ಸುಲಭ. ಬಾಡಿಗೆಗೆ ದೋಣಿ ಪಡೆಯಲು ನಾಯಕರ ಪ್ರಮಾಣಪತ್ರದ ಜೊತೆಗೆ ದೋಣಿಯಿಂದ ಮಾತಾಡುವ ವಿಎಚ್‌ಎಫ್ ರೇಡಿಯೊ ಬಳಸುವ ಪತ್ರವೂ ಬೇಕೆಂಬುದನ್ನು ಮರೆಯಬಾರದು.

ಜೊತೆಗಾರರಲ್ಲಿ ಒಬ್ಬರಿಗೆ ಹಾಯಿಗಿಂತ ಊರು ಸುತ್ತುವುದರಲ್ಲೇ ಆಸಕ್ತಿಯಿದ್ದರೆ ಕ್ರೊಯೇಷಿಯಾವನ್ನೇ ಮೊದಲು ನೋಡಬೇಕು. ಯುಗೊಸ್ಲಾವಿಯಾದ ಸೇನಾನೆಲೆಯಾಗಿದ್ದು 1989ರವರೆಗೆ ವಿದೇಶೀಯರಿಗೆ ಮುಚ್ಚಿದ್ದ ವಿಸ್ ದ್ವೀಪದಲ್ಲಿ ಜಲಾಂತರ್ಗಾಮಿಗಳನ್ನು ಅಡಗಿಸಲೆಂದು ಬಂಡೆ ಕೊರೆದು ಮಾಡಿದ ಸುರಂಗವನ್ನು ದೋಣಿಯಲ್ಲೇ ಹೋಗಿ ನೋಡಬಹುದು. ಅಷ್ಟು ಕಾಲ ಮುಚ್ಚಿದ್ದರಿಂದಲೇ ಹ್ವಾರ್‌ಗಿಂತ ಆ ದ್ವೀಪ ಇಂದಿಗೂ ಗಿಜಿಗುಡುವುದು ಕಡಿಮೆ.

ಸ್ಟಾಕ್‌ಹೋಮ್ ದ್ವೀಪಸ್ತೋಮ

ಸುಮಾರು 30,000 ದ್ವೀಪ, ನಡುಗಡ್ಡೆ, ಬಂಡೆಗಳು ಚದುರಿರುವ ಈ ನೀರಿನಲ್ಲಿ ದೂರ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮುಂದಿನ ದ್ವೀಪ ಯಾವಾಗಲೂ ಕಣ್ಣೆದುರಿಗಿರುತ್ತದೆ. ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆ, ದ್ವೀಪಗಳ ಮರೆಯಿರುವುದರಿಂದ ದೊಡ್ಡ ಅಲೆ ಏಳುವುದಿಲ್ಲ, ಜೂನ್ ಕೊನೆಯಲ್ಲಿ ಹಗಲು 18 ಗಂಟೆಗೂ ಹೆಚ್ಚು. ಕತ್ತಲಾಗುವುದರೊಳಗೆ ದಡ ಸೇರಬೇಕೆಂಬ ಧಾವಂತವೇ ಇರದ ಕಾರಣ ಇಕ್ಕಟ್ಟಿನ ಜಾಗವನ್ನು ಬಿಟ್ಟು ಮತ್ತೊಂದನ್ನು ಹುಡುಕಲು ಸಮಯವಿರುತ್ತದೆ.

ದೋಣಿ ಕಟ್ಟುವ ಸ್ವೀಡನ್ನಿನ ಕ್ರಮ ಇಬ್ಬರಿಗೆಂದೇ ಹುಟ್ಟಿಕೊಂಡಂತಿದೆ. ಗ್ರೀಸಿನದಕ್ಕೆ ಇದು ತಿರುಗಾಮುರುಗ. ಲಂಗರು ಹಿಂತುದಿಯಲ್ಲಿರುತ್ತದೆ, ಚುಕ್ಕಾಣಿ ಹಿಡಿದವರೇ ಅದನ್ನು ನೀರಿಗಿಳಿಸಿ, ಪಕ್ಕದ ಸುರುಳಿಯಿಂದ ಲಂಗರಿನ ಪಟ್ಟಿಯನ್ನು ಬಿಚ್ಚುತ್ತ ಮೆಲ್ಲಗೆ ಮುಂದೊತ್ತುತ್ತಾರೆ. ಇನ್ನೊಬ್ಬರು ಹಗ್ಗ ಹಿಡಿದು ಮುಂತುದಿಯಲ್ಲಿ ನಿಂತು, ಮೂತಿ ಬಂಡೆಗೆ ಒಂದು ಹೆಜ್ಜೆ ಇರುವಾಗ ಕಾಲು ಒದ್ದೆಯಾಗದಂತೆ ಇಳಿದು, ಮರಕ್ಕೋ ಬಂಡೆಯ ಬಿರುಕಿಗೆ ಬಡಿದ ಉಕ್ಕಿನ ಗೂಟಕ್ಕೋ ಕಟ್ಟುತ್ತಾರೆ. ಚುಕ್ಕಾಣಿಯೂ ಲಂಗರೂ ಒಬ್ಬರದೇ ಕೈಯಲ್ಲಿರುವುದರಿಂದ ಕೂಗಾಟದ ಅಗತ್ಯವಿಲ್ಲ. ದ್ವೀಪದ ಯಾವ ಬದಿ ಎಂಬುದನ್ನು ರಾತ್ರಿ ಗಾಳಿ ಎತ್ತಣಿಂದ ಬೀಸಲಿದೆ ಎಂಬ ವರದಿ ನೋಡಿ ಆರಿಸಿದರೆ ಸಾಕು. ಪ್ರಕೃತಿಯನ್ನು ಎಲ್ಲರೂ ಬಳಸಬಹುದೆಂಬ ಅಲೆಮನ್ಸ್‌ರೆಟ್ಟೆನ್ ಎಂಬ ಹಕ್ಕು ಸ್ವೀಡನ್ನಿನಲ್ಲಿರುವುದರಿಂದ, ಮನೆಗಳಿಗೆ ಹತ್ತಿರವಲ್ಲದ, ಹಕ್ಕಿಗಳಿಗೆಂದು ಕಾಯ್ದಿರಿಸದ ಜಾಗದಲ್ಲಿ ಒಂದೆರಡು ರಾತ್ರಿ ತಂಗಲು ಯಾರ ಅಪ್ಪಣೆಯೂ ಬೇಡ, ಹಣವೂ ಬೇಡ.

ಹಾಗಾದರೆ ಕಷ್ಟವೇನು? ಅದು ಸಂಜೆಯಿಂದ ಹಗಲಿಗೆ ವರ್ಗವಾಗಿದೆ. ನೀರಿನಡಿಯ ಬಂಡೆಗಳು ಎಷ್ಟು ದಟ್ಟವಾಗಿವೆಯೆಂದರೆ ದಾರಿಯುದ್ದಕ್ಕೂ ಒಬ್ಬರು ನಕ್ಷೆಯ ಮೇಲೆ ಬೆರಳಿಟ್ಟೇ ಇರಬೇಕು. ಹಿಮಯುಗದ ಭಾರ ಕರಗಿದ ಮೇಲೆ ಇಲ್ಲಿನ ನೆಲ ಇನ್ನೂ ವರ್ಷಕ್ಕೆ ಸುಮಾರು ಅರ್ಧ ಸೆಂಟಿಮೀಟರಿನಂತೆ ಮೇಲೇಳುತ್ತಿದೆ. ನೂರು ವರ್ಷ ಹಿಂದೆ ಅಳೆದ ಆಳ ಇಂದು ಅಷ್ಟೇ ಇರುತ್ತದೆಂದು ನಂಬುವಂತಿಲ್ಲ. ಗಾಳಿಗೆ ವೇಳಾಪಟ್ಟಿಯಿಲ್ಲ, ಮಳೆಗೂ ಇಲ್ಲ. ಮೂರು ದಿನ ಸತತ ಜಿನುಗುವ ಮಳೆಯಲ್ಲಿ 27 ಅಡಿಯ ದೋಣಿಯ ಕೋಣೆ ಬಹಳ ಚಿಕ್ಕದೆನಿಸುತ್ತದೆ. ದೋಣಿಯ ಶೌಚದ ನೀರನ್ನು ಸಮುದ್ರಕ್ಕೆ ಬಿಡುವುದನ್ನು 2015ರ ಏಪ್ರಿಲ್ 1ರಿಂದ ನಿಷೇಧಿಸಿರುವುದರಿಂದ ತೊಟ್ಟಿಯಿರುವ ದೋಣಿಯನ್ನೇ ಕೇಳಿ ಪಡೆಯಬೇಕು. ಬಾಡಿಗೆಯೂ ದಿನಸಿಯೂ ದುಬಾರಿ, ಆದರೆ ರಾತ್ರಿಗಳು ಬಹುತೇಕ ಉಚಿತ; ಅಡುಗೆಯನ್ನು ದೋಣಿಯಲ್ಲೇ ಮಾಡಿಕೊಳ್ಳುವವರಿಗೆ ಒಟ್ಟು ಲೆಕ್ಕ ಕ್ರೊಯೇಷಿಯಾವನ್ನು ಮೀರದೆ ಇರಬಹುದು. ಕಾನೂನಿನ ಪ್ರಕಾರ, 12 ಮೀಟರ್ ಉದ್ದ ಮತ್ತು 4 ಮೀಟರ್ ಅಗಲ ಎರಡನ್ನೂ ಮೀರಿದ ವಿಹಾರ ದೋಣಿಗಷ್ಟೇ ನಾಯಕರ ಪರೀಕ್ಷೆ ಕಡ್ಡಾಯ. ನಮ್ಮ ಅಳತೆಯ ದೋಣಿಗೆ ಅದು ಬೇಡ, ಆದರೆ ಬಾಡಿಗೆ ಕೊಡುವವರು ಅನುಭವವನ್ನು ವಿಚಾರಿಸಿಯೇ ವಿಚಾರಿಸುತ್ತಾರೆ.

ಸ್ಯಾನ್ ಹ್ವಾನ್ ದ್ವೀಪಗಳು

ಉಳಿದ ಮೂರಕ್ಕಿಂತ ಇದು ಬೇರೆಯೇ ಲೋಕ, ಏಕೆಂದರೆ ಇಲ್ಲಿ ದಿನವನ್ನು ಆಳುವುದು ಗಾಳಿಯಲ್ಲ, ಉಬ್ಬರವಿಳಿತ. ನೀರು 3 ಮೀಟರಿಗೂ ಮಿಕ್ಕಿ ಏರಿಳಿಯುವ ದಿನಗಳುಂಟು. ಇಳಿತದ ಹೊತ್ತಿನಲ್ಲಿ 4 ಮೀಟರ್ ಆಳದಲ್ಲಿ ಲಂಗರು ಹಾಕಿದವರ ಅಡಿಯಲ್ಲಿ ಕೆಲವು ಗಂಟೆಗಳ ನಂತರ 7 ಮೀಟರ್ ನೀರಿರುತ್ತದೆ. ಮುಂತುದಿಯ ಎತ್ತರದ 1 ಮೀಟರ್ ಸೇರಿಸಿ ಐದು ಪಟ್ಟಿನಂತೆ ಸರಪಳಿ ಬಿಡಬೇಕೆಂದರೆ 25 ಅಲ್ಲ, 40 ಮೀಟರ್ ಬೇಕು. ದ್ವೀಪಗಳ ನಡುವೆ 3 ನಾಟ್ ವೇಗದ ಸೆಳೆತ ಅಪರೂಪವಲ್ಲ, ಡಿಸೆಪ್ಷನ್ ಪಾಸ್ ಎಂಬ ಇಕ್ಕಟ್ಟಿನ ದಾರಿಯಲ್ಲಿ ಅದು 8 ನಾಟ್‌ವರೆಗೆ ಹೋಗುತ್ತದೆ. 5 ನಾಟ್ ವೇಗದ ದೋಣಿ 3 ನಾಟ್ ಸೆಳೆತವನ್ನು ಎದುರಿಸಿದರೆ ನಡಿಗೆಗಿಂತ ನಿಧಾನ. ಅದೇ ಸೆಳೆತ ಜೊತೆಗೂಡಿದರೆ 8 ನಾಟ್. ಕೋಷ್ಟಕ ನೋಡಿ ಹೊರಡುವ ಹೊತ್ತನ್ನು ನಿಗದಿಮಾಡುವ ಲೆಕ್ಕಾಚಾರವೇ ಕೆಲವರಿಗೆ ಸಂತೋಷ. ಬೆಳಗಿನ ನಿದ್ದೆ ಬಿಡದವರಿಗೆ ಅದೇ ಕಿರಿಕಿರಿ.

ಒಲಿಂಪಿಕ್ ಪರ್ವತಗಳ ಮಳೆನೆರಳಿನಲ್ಲಿರುವುದರಿಂದ ಬೇಸಿಗೆ ಇಲ್ಲಿ ಒಣವಾಗಿ, ತಂಪಾಗಿ ಇರುತ್ತದೆ, ಆದರೆ ಜುಲೈ, ಆಗಸ್ಟ್‌ನಲ್ಲಿ ಗಾಳಿ ಸಪ್ಪೆ. ಹಾಯಿಗಿಂತ ಎಂಜಿನ್ ಓಡುವುದೇ ಹೆಚ್ಚೆಂದು ಒಪ್ಪಿಕೊಂಡೇ ಹೋಗಬೇಕು. ಆಗಸ್ಟ್ ಬೆಳಗುಗಳಲ್ಲಿ ಮಂಜು ಕವಿಯುತ್ತದೆ, ನೀರು ಈಜಲಾಗದಷ್ಟು ತಣ್ಣಗೆ. ಇಷ್ಟೆಲ್ಲ ಇದ್ದೂ ಇಬ್ಬರಿಗೆ ಹೊಂದುವ ಸಂಗತಿಯೆಂದರೆ ಸೂಷಿಯಾ, ಸ್ಟುವರ್ಟ್, ಜೋನ್ಸ್ ದ್ವೀಪಗಳ ರಾಜ್ಯ ಉದ್ಯಾನಗಳಲ್ಲಿ ಮೊದಲು ಬಂದವರಿಗೆ ಸಿಗುವ ಬೋಯಾಗಳು; ಶುಲ್ಕ ಕಟ್ಟಿ, ಒಂದು ಹಗ್ಗ ತೂರಿಸಿದರೆ ದಿನ ಮುಗಿಯಿತು. ಕಾಡು ದಡದವರೆಗೂ ಇಳಿದಿರುವ ಈ ಕೊಲ್ಲಿಗಳಲ್ಲಿ ಊಟದ ಮನೆಗಳಿಲ್ಲ. ತಿಮಿಂಗಿಲ ನೋಡುವ ಆಸೆಯಿದ್ದವರು 2025ರಿಂದ ಜಾರಿಯಲ್ಲಿರುವ ವಾಷಿಂಗ್ಟನ್ ರಾಜ್ಯದ ನಿಯಮವನ್ನು ತಿಳಿದಿರಬೇಕು: ಅಳಿವಿನಂಚಿನಲ್ಲಿರುವ ಇಲ್ಲಿನ ಓರ್ಕಾಗಳಿಂದ 1,000 ಗಜ ದೂರವಿರಬೇಕು. ಪಕ್ಕದಲ್ಲೇ ಕೆನಡಾದ ಗಲ್ಫ್ ದ್ವೀಪಗಳಿವೆ, ಆದರೆ ಗಡಿ ದಾಟಿದರೆ ಎರಡೂ ಕಡೆ ವರದಿಮಾಡಿಕೊಳ್ಳಬೇಕು. 1859ರಲ್ಲಿ ಹಂದಿಯೊಂದನ್ನು ಗುಂಡಿಕ್ಕಿ ಕೊಂದದ್ದರಿಂದ ಅಮೆರಿಕ, ಬ್ರಿಟನ್ ಎರಡು ದೇಶಗಳ ಸೈನ್ಯ ಎದುರುಬದುರಾಗಿ ನಿಂತು, 1872ರಲ್ಲಿ ಜರ್ಮನಿಯ ಚಕ್ರವರ್ತಿ ತೀರ್ಪಿತ್ತ ಮೇಲೆ ನಿಶ್ಚಯವಾದ ಗಡಿ ಅದು. ಆ ಕಾಲದ ಬ್ರಿಟಿಷ್ ಶಿಬಿರದ ಮುಂದೆಯೇ ಇಂದು ಲಂಗರು ಹಾಕಬಹುದು.

ಯಾರಿಗೆ ಯಾವುದು

ಇಬ್ಬರಿಗೂ ಅನುಭವ ಕಡಿಮೆಯಿದ್ದು ಎರಡು ವಾರಗಳಿದ್ದರೆ, ಅಯೋನಿಯನ್ ದ್ವೀಪಗಳಲ್ಲಿ ಮೊದಲ ವಾರ ಗುಂಪುಯಾನ, ಎರಡನೆಯ ವಾರ ಸ್ವತಂತ್ರವಾಗಿ ಎಂಬ ಏರ್ಪಾಡಿಗೇ ನನ್ನ ಮತ. ಕಟ್ಟೆಗೆ ಹಿಮ್ಮುಖವಾಗಿ ಬರುವ ವಿದ್ಯೆ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಹಣಕ್ಕಿಂತ ನೆಮ್ಮದಿ ಮುಖ್ಯವೆನ್ನುವವರಿಗೆ, ಅದರಲ್ಲೂ ಒಬ್ಬರಿಗೆ ಬೆನ್ನುನೋವೋ ಸಮುದ್ರದ ಅಳುಕೋ ಇದ್ದರೆ, ಕ್ರೊಯೇಷಿಯಾ. ಸೆಕೆಯನ್ನು ತಾಳಲಾರದವರು, ಜನಜಂಗುಳಿ ಬೇಡವೆನ್ನುವವರು, ನಕ್ಷೆ ಓದುವುದರಲ್ಲಿ ಇಬ್ಬರೂ ಪಳಗಿದವರು ಸ್ಟಾಕ್‌ಹೋಮಿಗೆ ಹೋಗಲಿ. ಹಾಯಿ, ನಿಲುಗಡೆ, ಏಕಾಂತ ಮೂರನ್ನೂ ಒಟ್ಟಿಗೆ ತೂಗಿದರೆ ಇಬ್ಬರ ದೋಣಿಗೆ ನಾಲ್ಕರಲ್ಲಿ ನಾನು ಮೇಲಿಡುವುದು ಅದನ್ನೇ. ಟ್ರೇಲರ್ ಮೇಲೆ ಎಳೆದೊಯ್ಯುವ ಸ್ವಂತ ದೋಣಿಯಿದ್ದು ಅಮೆರಿಕದಲ್ಲೋ ಕೆನಡಾದಲ್ಲೋ ನೆಲೆಸಿರುವವರು ಮಾತ್ರ ಈ ಲೆಕ್ಕವನ್ನು ಬದಿಗಿಟ್ಟು ಸ್ಯಾನ್ ಹ್ವಾನ್‌ಗೆ ಹೊರಡಬಹುದು, ಏಕೆಂದರೆ ಬಾಡಿಗೆಯೇ ಇಲ್ಲದ ಪ್ರವಾಸದ ಮುಂದೆ ಬೇರೆ ಯಾವ ಉಳಿತಾಯವೂ ನಿಲ್ಲುವುದಿಲ್ಲ.

ದೋಣಿಯ ಅಳತೆಯೂ ಆಯ್ಕೆಯನ್ನು ಬದಲಿಸಬಲ್ಲದು. ಮೆಡಿಟರೇನಿಯನ್ನಿನ ಬಾಡಿಗೆ ದೋಣಿಗಳಲ್ಲಿ 30 ಅಡಿಗಿಂತ ಸಣ್ಣವು ವಿರಳ. ಇಬ್ಬರಿಗೆ ಬೇಡದ ಎರಡು ಕೋಣೆಗಳಿಗೂ ಸೇರಿಸಿ ಹಣ ಕೊಡಬೇಕಾಗುತ್ತದೆ. ಗ್ರೀಸಿನಲ್ಲಾಗಲಿ ಸ್ಯಾನ್ ಹ್ವಾನ್‌ನಲ್ಲಾಗಲಿ ಬಾಡಿಗೆಗೆ ಪಡೆಯುವಾಗ ವಿದ್ಯುತ್ ರಾಟೆ ಇದೆಯೇ, ಸರಪಳಿ ಎಷ್ಟು ಮೀಟರ್ ಎಂಬೆರಡು ಪ್ರಶ್ನೆಗಳನ್ನು ಹಣ ಕಟ್ಟುವ ಮೊದಲೇ ಕೇಳಬೇಕು. ಗ್ರೀಸ್, ಕ್ರೊಯೇಷಿಯಾಗಳಲ್ಲಿ ಬಿಸಿಲಿಗೆ ಚುಕ್ಕಾಣಿಯ ಮೇಲೊಂದು ಚಪ್ಪರ ಇದೆಯೇ ಎಂಬುದು ಮೂರನೆಯ ಪ್ರಶ್ನೆ.

ಇಷ್ಟಾದರೂ ಅಯೋನಿಯನ್ ಮತ್ತು ಸ್ಟಾಕ್‌ಹೋಮಿನ ನಡುವೆ ಮನಸ್ಸು ನಿಲ್ಲದಿದ್ದರೆ ರಜೆಯ ತಿಂಗಳೇ ತೀರ್ಮಾನಿಸುತ್ತದೆ. ಜೂನ್ ಮೊದಲ ವಾರಗಳಲ್ಲೋ ಸೆಪ್ಟೆಂಬರಿನಲ್ಲೋ ರಜೆ ಸಿಗುವವರಿಗೆ ಅಯೋನಿಯನ್ ಕಟ್ಟೆಗಳಲ್ಲಿ ಜಾಗವಿರುತ್ತದೆ, ಸೆಪ್ಟೆಂಬರಿನಲ್ಲಿ ನೀರೂ ಬೆಚ್ಚಗಿರುತ್ತದೆ. ಜುಲೈ ಬಿಟ್ಟು ಬೇರೆ ರಜೆಯಿಲ್ಲದವರಿಗೆ ಸ್ಟಾಕ್‌ಹೋಮ್ ಸರಿ. ಆಗಸ್ಟ್ ನಡುವಿನ ಹೊತ್ತಿಗೆ ಸ್ವೀಡನ್ನಿನ ಶಾಲೆಗಳು ತೆರೆದು ದ್ವೀಪಗಳು ಖಾಲಿಯಾಗತೊಡಗುತ್ತವೆ. ಆಗ ಹೋಗುವವರಿಗೆ ಜಾಗ ಧಾರಾಳ, ಆದರೆ ದ್ವೀಪಗಳ ಅಂಗಡಿಗಳು ಬಾಗಿಲು ತೆರೆಯುವ ಹೊತ್ತು ಕಡಿಮೆಯಾಗುವುದರಿಂದ ದಿನಸಿಯನ್ನು ನಗರದಲ್ಲೇ ತುಂಬಿಕೊಂಡು ಹೊರಡಬೇಕು.